ಪಾಲಿಲ್ಲದ ಕೈ

ಮಸೂದಾ ಎಂದರೆ ಅದೃಷ್ಟವಂತೆ. ಆ ಹೆಸರು ಹಿಡಿದು ಊರ ಹೆಂಗಸರು ಅವಳನ್ನು ಕಾಡಿಸದ ದಿನವಿರಲಿಲ್ಲ. ಆದರೆ ಜಮೀನು ಹಂಚುವ ದಿನ ಬೆಳಿಗ್ಗೆ, ಹೆಸರಿಟ್ಟ ಅಪ್ಪ ಸುಳ್ಳು ಹೇಳಿರಲಿಲ್ಲ ಎಂದೇ ಅವಳಿಗೆ ಅನಿಸಿತು. ಐವತ್ತೆರಡನೆಯ ವಯಸ್ಸಿನಲ್ಲಿ ಕೈಗೆ ಗೋರಂಟಿ ಹಚ್ಚಿಕೊಂಡು ಹೊರಟಳು.

ಕುಲದ ಜಮೀನಿನಲ್ಲಿ ಪಾಲು ಗಂಡಸರಿಗೆ ಮಾತ್ರ ಎಂಬುದು ಮರುಭೂಮಿಯಂಚಿನ ಆ ಊರಿನ ಹಳೆಯ ಕಟ್ಟಳೆ. ಅದನ್ನು ಮುರಿಯಲು ಮೂವತ್ತೊಂದು ಹೆಂಗಸರು ನಾಲ್ಕು ವರ್ಷ ಸರ್ಕಾರಿ ಕಚೇರಿಯ ಮುಂದೆ ಕೂತರು. ಮುಂದಾಳು ಯಮ್ನಾ ಓದುಬರಹ ಬಲ್ಲವಳು, ಆದರೆ ನಾಲ್ಕು ಮಾತಿಗೆ ಅವಳ ಗಂಟಲು ಕಟ್ಟುತ್ತಿತ್ತು. "ನಾವೂ ಈ ಕುಲದ ಹೆಣ್ಣುಮಕ್ಕಳೇ!" ಎಂದು ಕೂಗು ಎತ್ತಿಕೊಡುತ್ತಿದ್ದವಳು ಮಸೂದಾ. ಅವಳ ದನಿಗೆ ಖರ್ಜೂರದ ಮರವೇರಿದ ಗಂಡಸರೂ ಬೆಚ್ಚಿ ಕೆಳಗೆ ನೋಡುತ್ತಿದ್ದರು. ರಾಜಧಾನಿಯಲ್ಲಿ ಲಾಠಿ ಬಿದ್ದದ್ದೂ ಆ ಬಾಯಿಗೇ. ಎರಡು ಹಲ್ಲು ಉದುರಿದವು. ಕೊನೆಗೂ ಹೆಂಗಸರಿಗೂ ಪಾಲು ಎಂದು ಆದೇಶ ಬಂತು.

ಮಸೂದಾಳ ಅಜ್ಜನನ್ನು ಯಮ್ನಾಳ ಮನೆಯವರು ಒಂದು ಒಂಟೆ ಕೊಟ್ಟು ಗುಲಾಮನಾಗಿ ಕೊಂಡು ತಂದಿದ್ದರು. ಅವಳ ಕಪ್ಪು ಮೈ ಕಂಡರೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಆ ಮನೆಯಲ್ಲೇ ಮಸೂದಾಳ ತಾಯಿ ಸಾಯುವ ತನಕ ಬೀಸುಕಲ್ಲು ತಿರುವಿದಳು. ಅವರು ಮಸೂದಾಳ ಮನೆಯವರನ್ನು "ನಮ್ಮವರು" ಎನ್ನುತ್ತಿದ್ದರು. ಆ ಮಾತಿಗೆ ಎರಡು ಅರ್ಥ ಇದೆಯೆಂದು ಮಸೂದಾ ಯಾವತ್ತೂ ಯೋಚಿಸಿರಲಿಲ್ಲ. ಧರಣಿಯ ಮೊದಲ ದಿನವೇ ಯಮ್ನಾ, "ಇನ್ಮೇಲೆ ಲಲ್ಲಾ, ಒಡತಿ ಅಂತೆಲ್ಲ ಕರೀಬೇಡ, ಅಕ್ಕ ಅನ್ನು ಸಾಕು" ಎಂದಿದ್ದಳು. ಅವತ್ತು ಮಸೂದಾಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಗಿತ್ತು.

ಅವಳಿಗೆ ಬೇಕಾದದ್ದು ದೊಡ್ಡದೇನಲ್ಲ. ಹಳ್ಳದ ಪಕ್ಕದಲ್ಲಿ ಅವಳು ವಾಸವಿದ್ದ ಮಣ್ಣಿನ ಕೋಣೆ, ಅದರ ಮುಂದೆ ಅವಳಪ್ಪ ನೆಟ್ಟ ಅಂಜೂರದ ಮರ. ಅವು ನಿಂತ ನೆಲ ಕುಲದ್ದು. ತನ್ನ ಪಾಲು ಎಲ್ಲಿಯೇ ಬೀಳಲಿ, ಅದನ್ನು ಕೊಟ್ಟು ಆ ನೆಲವನ್ನೇ ಕೇಳಿಕೊಳ್ಳಬೇಕೆಂದು ಅವಳು ಲೆಕ್ಕ ಹಾಕಿದ್ದಳು.

ಬಯಲಿನಲ್ಲಿ ಪಾಲಿಗೊಂದರಂತೆ ಕಲ್ಲಿನ ಗುಪ್ಪೆ ಇಟ್ಟಿದ್ದರು. ಮಸೂದಾ ಎಣಿಸಿದಳು. ಮೂವತ್ತು.

"ಏ ತೂದಾ, ಒಂದು ಕಮ್ಮಿ ಐತಲ್ಲೇ! ಗಂಡಸ್ರು ಎಣಿಸಿದ್ರೆ ಇಷ್ಟೇ ನೋಡು," ಎಂದು ನಕ್ಕಳು. ನಾಲ್ಕು ವರ್ಷ ಅವಳ ಪಕ್ಕದಲ್ಲೇ ಕಂಬಳಿ ಹೊದ್ದು ಕೂತಿದ್ದ ತೂದಾ ಇವತ್ತು ನಗಲಿಲ್ಲ. ಚಪ್ಪಲಿಯ ಮಣ್ಣು ಕೊಡವತೊಡಗಿದಳು.

ಚೀಟಿ ಎತ್ತುವುದಕ್ಕೆ ಅಲ್ಲಿ ಅವರದೇ ಪದ್ಧತಿ. ಒಬ್ಬೊಬ್ಬರೂ ತಮ್ಮದೊಂದು ಗುರುತು, ಗುಂಡಿಯೋ ಮಣಿಯೋ, ಕೊಡುತ್ತಾರೆ. ಅದನ್ನು ಮಣ್ಣಿನ ಉಂಡೆಯೊಳಗೆ ಮುಚ್ಚಿ ಗುಪ್ಪೆಗೊಂದರಂತೆ ಇಟ್ಟುಕೊಂಡು ಹೋಗುವುದು. ಒಡೆದಾಗ ಯಾರ ಗುರುತು ಸಿಕ್ಕಿತೋ ಅವರಿಗೆ ಆ ಪಾಲು. ಮಸೂದಾ ತಂದದ್ದು ಉದುರಿದ ಹಲ್ಲು. ಇದಕ್ಕಿಂತ ತನ್ನದು ಯಾವುದಿದೆ?

"ಮಸೂದಾ, ಮುಂದೆ ಬಾ," ಎಂದು ಯಮ್ನಾ ಕರೆದಳು. ಮೊದಲು ತನ್ನನ್ನೇ ಕರೆದಳಲ್ಲ ಎಂದು ಹಿಗ್ಗಿ ಓಡಿದಳು ಹುಚ್ಚಿ. ಹಲ್ಲು ಹಿಡಿದ ಅಂಗೈ ಚಾಚಿದಳು.

ಯಮ್ನಾ ಆ ಅಂಗೈಯನ್ನು ಮೆಲ್ಲಗೆ ಮುಚ್ಚಿದಳು. "ಅದು ನಿನ್ ಹತ್ರಾನೇ ಇರ್ಲಿ. ಉಂಡೆ ಇಡೋಕೆ ಕರೆದದ್ದು ನಿನ್ನ. ಪಾಲಿಲ್ಲದವರ ಕೈಯೇ ಆಗಬೇಕು ಅದಕ್ಕೆ. ಪಾಲಿದ್ದೋರು ಇಟ್ರೆ ಮೋಸ ಅಂತಾರೆ."

"ಪಾಲಿಲ್ಲದೋರು ಅಂದ್ರೆ?"

"ಮೊನ್ನೆ ಕೂತು ಮಾತಾಡಿದ್ವಿ. ಪಟ್ಟೀಲಿ ಕುಲದ ರಕ್ತದೋರ ಹೆಸರು ಮಾತ್ರ ಬರೆಯೋದಂತೆ. ತೂದಾ ಒಬ್ಬಳು ನಿನಗೋಸ್ಕರ ಅತ್ತೂ ಕರೆದೂ ಜಗಳ ಆಡಿದ್ಲು. ಏನ್ ಮಾಡೋದು?"

"ಕುಲದ ಹೆಣ್ಣುಮಕ್ಕಳೇ ಅಂತ ನಾನೇ ಅಲ್ವಾ ಕೂಗಿದ್ದು?"

"ಕೂಗಿದ್ದು ನಮ್ಮ ಪರವಾಗಿ. ಯಾರಾದರೂ ಇಲ್ಲ ಅಂದ್ರಾ? ನೀನು ನಮ್ಮವಳೇ."

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂತಾರಲ್ಲ, ಹಾಗೆ. ಇಲ್ಲಿ ಅಂಬಿಗನಿಗೇ ಹುಟ್ಟು ತೊಳೆದಿಡು ಅಂದಿದ್ದರು, ಅಷ್ಟೇ. ಮಸೂದಾ ಸುತ್ತ ನೋಡಿದಳು. ಲಾಠಿಗೆ ಹೆದರಿ ಅವಳ ಬೆನ್ನ ಹಿಂದೆ ಅವಿತಿದ್ದ ಮುಖಗಳೇ ಎಲ್ಲ. ಒಬ್ಬಳೂ ಕಣ್ಣೆತ್ತಿ ನೋಡಲಿಲ್ಲ.

"ನಾನ್ ಇಡಲ್ಲ," ಎಂದಳು.

"ಇಡ್ಬೇಡ. ಕುಲದ ಯಜಮಾನ ಕಾಯ್ತಾ ಕೂತವ್ನೆ, ತನ್ನ ಆಳಿನ ಕೈಲಿ ಇಡಿಸ್ತಾನೆ. ಕಲ್ಲುಬಂಡೆ ನಮಗೆ, ನೀರಿನ ಪಕ್ಕದ್ದು ಅವನ ಮನೆ ಹೆಣ್ಮಕ್ಕಳಿಗೆ. ನಾಲ್ಕು ವರ್ಷದ ಹೋರಾಟ ನಿನ್ನಿಂದ ಮಣ್ಣುಪಾಲಾಗ್ಲಿ, ಆಯ್ತಾ? ಮೊದಲು ನಮ್ಮದು ಆಗ್ಲಿ ಮಾರಾಯ್ತಿ. ಆಮೇಲೆ ನಿಮ್ಮೋರಿಗೂ ಹೋರಾಡೋಣ."

"ಆಯ್ತು ಲಲ್ಲಾ," ಎಂದುಬಿಟ್ಟಳು ಮಸೂದಾ. ಬಾಯಿ ತಪ್ಪಿ ಬಂದ ಮಾತು. ಯಮ್ನಾ ಅದನ್ನು ತಿದ್ದಲಿಲ್ಲ. ಉಳಿದ ಮೂವತ್ತು ಜನರ ಗುರುತು ಉಂಡೆಯೊಳಗೆ ಸೇರಿದ ಮೇಲೆ ಬುಟ್ಟಿಯನ್ನು ಅವಳ ಸೊಂಟಕ್ಕೆ ಕೊಟ್ಟಳು.

ಮಸೂದಾ ಗುಪ್ಪೆಯಿಂದ ಗುಪ್ಪೆಗೆ ನಡೆದಳು. ಬಗ್ಗಿ ಉಂಡೆ ಇಟ್ಟೊಡನೆ ಹಿಂದಿದ್ದವರು ಅದನ್ನು ಒಡೆದು ಗುರುತು ನೋಡಿ ಕೇಕೆ ಹಾಕುತ್ತಿದ್ದರು, ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಯಮ್ನಾಗೆ ನೀರಿನ ಪಕ್ಕದ್ದೇ ಬಿತ್ತು. ಹದಿನೇಳನೆಯ ಗುಪ್ಪೆ ಅಂಜೂರದ ಮರದ ಬುಡದಲ್ಲಿತ್ತು. ಮಸೂದಾ ಉಂಡೆಯನ್ನು ಎದೆಗೊತ್ತಿಕೊಂಡಳು. ದೇವರೇ, ಇದೊಂದು ಯಾರಾದರೂ ಕರುಣೆ ಇದ್ದವರಿಗೆ ಬೀಳಲಿ ಎಂದು ಬೇಡಿಕೊಂಡು ಉಂಡೆ ಇಟ್ಟಳು.

ಒಡೆದರು. ಒಳಗೆ ನೀಲಿ ಮಣಿ. ತೂದಾಳದು.

ಮಸೂದಾ ಅಲ್ಲೇ ಕುಸಿದು ಕೂತಳು. ಅಳುವೂ ನಗುವೂ ಒಟ್ಟಿಗೇ ಬಂದವು. ಇಡೀ ಊರಿನಲ್ಲಿ ತನಗಾಗಿ ಬಾಯಿಬಿಟ್ಟವಳು ಇವಳೊಬ್ಬಳೇ, ಅವಳಿಗೇ ಬಿತ್ತಲ್ಲ! "ತೂದಾ, ದೇವರಿದ್ದಾನೆ ಕಣೇ," ಎಂದು ಅವಳ ಕೈ ಹಿಡಿದಳು.

ತೂದಾ ಕೈ ಬಿಡಿಸಿಕೊಳ್ಳಲಿಲ್ಲ. ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಕೋಣೆಯ ಗೋಡೆಯನ್ನೂ ಸೂರನ್ನೂ ನೋಡಿದಳು. ಅಳತೆ ಹಾಕುವವರ ನೋಟ ಅದು.

"ಅಕ್ಕಾ, ಖರ್ಜೂರದ ಕೊಯ್ಲು ಮುಗಿದ ಮೇಲೆ ನಮ್ಮ ಹುಡುಗನ ಮದುವೆ. ಅಷ್ಟರೊಳಗೆ ಆಗುತ್ತಾ?"

"ಏನಾಗುತ್ತಾ?"

"ಖಾಲಿ ಮಾಡೋಕೆ. ಹೊಸ ಜೋಡಿ ಎಲ್ಲಿ ಇರ್ಬೇಕು, ನೀನೇ ಹೇಳು." ತೂದಾಳ ಕಣ್ಣಲ್ಲಿ ನೀರಿತ್ತು, ನಿಜವಾದ ನೀರೇ. "ಹೋಗೋವಾಗ ಮರ ಮಾತ್ರ ಕಡೀಬೇಡ ಅಕ್ಕಾ. ನೆರಳಿಗೆ ಇರ್ಲಿ."

ಹಿಂದಿನಿಂದ ಯಮ್ನಾ ಚಪ್ಪಾಳೆ ತಟ್ಟಿ ಕೂಗಿದಳು. "ಬೇಗ ಬೇಗ ಮಸೂದಾ, ಬಿಸಿಲು ಏರ್ತಾ ಇದೆ!"

ಬುಟ್ಟಿಯಲ್ಲಿ ಇನ್ನೂ ಹದಿಮೂರು ಉಂಡೆಗಳಿದ್ದವು. ಮಸೂದಾ ಎದ್ದು ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಹದಿನೆಂಟನೆಯ ಗುಪ್ಪೆಯ ಕಡೆ ನಡೆದಳು.