ಬಿಳಿಸೊಂಟ, ಕರಿಗೆರೆ

ದುರ್ಬೀನಿನ ಮುಕ್ಕಾಲಿಯನ್ನು ಯಾರೋ ಗೇಣುದ್ದ ತಗ್ಗಿಸಿದ್ದರು. ಯಾರೋ ಏನು, ತಮ್ಮನ ಹೆಂಡತಿಯೇ. ಮನೆಯಲ್ಲಿ ಅಷ್ಟು ಗಿಡ್ಡ ಬೇರೆ ಯಾರೂ ಇರಲಿಲ್ಲ. ದುರ್ಬೀನಣ್ಣ ತಿರುಪು ಸಡಿಲಿಸಿ, ಕಾಲುಗಳನ್ನು ತನ್ನ ಎತ್ತರಕ್ಕೆ ಎಳೆದು, ಬೇಕಾದ್ದಕ್ಕಿಂತ ಹೆಚ್ಚೇ ಬಿಗಿ ಮಾಡಿದ.

ಉಪ್ಪಿನ ಮಡಿಗಳ ಬದು ಕಾಯುವುದು ಅವನ ಕೆಲಸ. ವಲಸೆಯ ಕಾಲದಲ್ಲಿ ಹಕ್ಕಿ ಎಣಿಸಲು ಬರುವ ಮೇಷ್ಟ್ರು ದುರ್ಬೀನನ್ನು ಅವನ ಮನೆಯಲ್ಲೇ ಬಿಟ್ಟಿದ್ದರು. ಅದರ ಹಿಂದಿನ ಮಣೆ ಅವನದು, ಅಡ್ಡಹೆಸರು ಬಂದದ್ದೂ ಅದರಿಂದಲೇ. ಮೊನ್ನೆ ಮೇಷ್ಟ್ರು, "ನಿನ್ನ ತಮ್ಮನ ಹೆಂಡತಿ ಕಣ್ಣು ಚುರುಕು ಕಣಯ್ಯ, ಅವಳನ್ನೂ ಕೂರಿಸೋಣ" ಅಂದಿದ್ದರು. ಆ 'ಅವಳನ್ನೂ' ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

ಆವತ್ತು ಅವನು, ತಮ್ಮನ ಹೆಂಡತಿ, ಮೇಷ್ಟ್ರು ಮೂವರೂ ಬದುವಿನೆದುರು ದುರ್ಬೀನಿನ ಹಿಂದೆ ಕೂತಿದ್ದರು. ಉಬ್ಬರ ಏರಿ ಕೆಸರು ಮುಳುಗಿದಾಗ ಹಕ್ಕಿಗಳೆಲ್ಲ ಉಪ್ಪಿನ ಬದುವಿಗೆ ಬಂದು ಒತ್ತಾಗಿ ನಿಂತವು. ದೂರದಿಂದ ಹಾರಿ ದಣಿದು ಬಂದವು. ಅವನ್ನು ಎಬ್ಬಿಸುವ ಹಾಗಿಲ್ಲ. ನೀರು ಇಳಿಯುವವರೆಗೆ ಯಾರೂ ಏಳಬಾರದು, ಎದ್ದವರು ಮಣೆ ಬಿಡಬೇಕು. ಈ ಕಟ್ಟಳೆ ಮಾಡಿದವನು ದುರ್ಬೀನಣ್ಣನೇ.

ನಿಂತವೆಲ್ಲ ಬಿಳಿಸೊಂಟಗಳು. ಬೂದುಬೆನ್ನು, ಉದ್ದಕಾಲು, ಬುಡದಿಂದಲೇ ಬಾಗಿದ ಕೊಕ್ಕು. ಇವುಗಳ ನಡುವೆ ಎಂದಾದರೊಮ್ಮೆ ಕರಿಗೆರೆ ಎಂಬ ಇನ್ನೊಂದು ಸೇರಿಕೊಳ್ಳುತ್ತದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ನೋಡಲು ಅಣ್ಣತಮ್ಮಂದಿರ ಹಾಗೆ. ಹಾರಿದರೆ ಮಾತ್ರ ಅನುಮಾನವಿಲ್ಲ: ಒಂದರ ಸೊಂಟ ಪೂರಾ ಬಿಳಿ, ಇನ್ನೊಂದರ ಬಿಳಿಯ ನಡುವೆ ಕಪ್ಪು ಪಟ್ಟಿ. ಕೂತಾಗ ಅದನ್ನು ರೆಕ್ಕೆ ಮುಚ್ಚಿರುತ್ತದೆ. ಇಷ್ಟು ವರ್ಷದಲ್ಲಿ ಕರಿಗೆರೆ ಅವನ ಕಣ್ಣಿಗೆ ಬಿದ್ದಿರಲಿಲ್ಲ.

"ಭಾವ, ನಾನೊಂದು ಸಲ ನೋಡ್ಲಾ?" ಅಂದಳು ತಮ್ಮನ ಹೆಂಡತಿ.

"ನೋಡು. ಮಣೆ ಮೇಲೆ ಮಣೆ ಹಾಕ್ಕೋ, ಎಟುಕಲ್ಲ."

ಅವಳು ನಕ್ಕು, ಮೊಣಕಾಲೂರಿ ಕುತ್ತಿಗೆ ಚಾಚಿ ನೋಡಿದಳು.

"ಬಲಗಡೆ ತುದೀಲಿ ಒಂದು ಕುಳ್ಳ ಇದೆ. ಕೊಕ್ಕು ತುದೀಲಷ್ಟೇ ಬಗ್ಗಿದೆ. ಎದೆ ಮಸಿ ಒರೆಸಿದ ಹಾಗಿದೆ. ಕರಿಗೆರೆ ಇರಬಹುದಾ ಭಾವ?"

ಅವನು ಬಗ್ಗಿ ನೋಡಿದ. ಕರಿಗೆರೆಯೇ. ನೋಡಿದ ಕೂಡಲೇ ಗೊತ್ತಾಯಿತು.

"ಕೆಸರು ಮೆತ್ತಿದೆ ಅಷ್ಟೆ" ಅಂದ.

"ಕೊಕ್ಕೂ ಕೆಸರಿಗೆ ಗಿಡ್ಡ ಆಗುತ್ತಾ?"

"ಸರಿಯಪ್ಪಾ, ನಾನೂ ನೋಡ್ತೀನಿ" ಎಂದು ಮೇಷ್ಟ್ರು ಕೂತಲ್ಲಿಂದಲೇ ಸರಿದು ಬಂದರು.

ಅವರ ಕಣ್ಣು ಗಾಜಿಗೆ ತಾಗುವ ಮುಂಚೆ ದುರ್ಬೀನಣ್ಣ ಎದ್ದು ನಿಂತ. ಏಳಬೇಕೆಂದು ಎದ್ದನೋ, ಕಾಲುಗಳೇ ಎದ್ದವೋ, ಬಿಸಿಲಿಗೆಂದು ತಂದು ಮಡಿಸಿ ಹಿಡಿದಿದ್ದ ಕೊಡೆಯಂತೂ ಬಿಚ್ಚಿಕೊಂಡಿತು. ಬದುವಿಗೆ ಬದುವೇ ಗಾಳಿಗೆದ್ದಿತು. ಹಿಂಡು ನೀರಿನ ಮೇಲೆ ಒಮ್ಮೆಲೇ ಹೊರಳಿತು. ಸೊಂಟಗಳೆಲ್ಲ ಸುಣ್ಣ ಬಳಿದ ಹಾಗೆ ಹೊಳೆದವು. ತುದಿಯ ಒಂದರ ಸುಣ್ಣದ ನಡುವೆ ಮಾತ್ರ ಕಪ್ಪು ಪಟ್ಟಿ.

"ಕಂಡೆ, ಕಂಡೆ" ಎಂದರು ಮೇಷ್ಟ್ರು. ಕೊರಳಿನ ಪುಟ್ಟ ದುರ್ಬೀನು ಆಗಲೇ ಅವರ ಕಣ್ಣಿಗೇರಿತ್ತು. ಆಮೇಲೆ ಅದನ್ನಿಳಿಸಿ ದುರ್ಬೀನಣ್ಣನ ಕಡೆ ತಿರುಗಿದರು. "ನೀನ್ಯಾಕಯ್ಯಾ ಎದ್ದೆ?"

ಅವನು ಕೊಡೆ ಮಡಿಸತೊಡಗಿದ.

"ಭಾವಂಗೆ ಕಾಲು ಜೋಮು ಹಿಡಿದಿತ್ತು" ಅಂದಳು ತಮ್ಮನ ಹೆಂಡತಿ. "ಅದೂ ಒಳ್ಳೇದೇ ಆಯ್ತು. ಅವರೇಳದೆ ಇದ್ದಿದ್ರೆ ಪಟ್ಟಿ ಕಾಣ್ತಿತ್ತಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಮಾತು ಬೆಂಕಿಯ ಹಾಗೆ ಸುಟ್ಟಿತು. ಯಾರೂ ಕೇಳದಿದ್ದರೂ ಕುಕ್ಕರಗಾಲಲ್ಲಿ ಕೂತು, ತಾನೇ ಬಿಗಿದ ತಿರುಪನ್ನು ಹಲ್ಲು ಕಚ್ಚಿ ಬಿಡಿಸಿ, ಮುಕ್ಕಾಲಿಯನ್ನು ಗೇಣುದ್ದ ತಗ್ಗಿಸಿದ. ಮಣೆಯನ್ನು ಅವಳ ಕಡೆ ತಳ್ಳಿ, ಹಿಂದೆ ಹೋಗಿ ಬರಿ ನೆಲದ ಮೇಲೆ ಕೂತ.

ಹಿಂಡು ಸುತ್ತು ಹೊಡೆದು ಮರಳಿ ಇಳಿಯಿತು. ಬರಿಗಣ್ಣಿಗೇ ಅವನಿಗೆ ಕುಳ್ಳ ಸಿಕ್ಕಿತು, ಎಡಗಡೆ, ಒಡೆದ ತೂಬಿನ ಹತ್ತಿರ. ಅವಳ ದುರ್ಬೀನು ಬಲಗಡೆ ಹುಡುಕುತ್ತಿತ್ತು. ಹುಡುಕಲಿ. ಸಂಜೆಯವರೆಗೂ ಹುಡುಕಲಿ.

ದುರ್ಬೀನು ಮೆಲ್ಲಗೆ ಎಡಕ್ಕೆ ತಿರುಗಿತು, ತೂಬಿನ ಹತ್ತಿರ ನಿಂತಿತು.

"ತೂಬಿನ ಪಕ್ಕದ್ದು, ಅಲ್ವಾ ಭಾವ?" ಅಂದಳು, ಗಾಜಿನಿಂದ ಕಣ್ಣು ತೆಗೆಯದೆ.

ಮೇಷ್ಟ್ರು ಅವನತ್ತ ತಿರುಗಿ ಕಾಯುತ್ತಿದ್ದರು.

"ಹ್ಞೂಂ" ಅಂದ, ತುಸು ತಡವಾಗಿ.