ಸೀಟ್ ಬೆಲ್ಟಿನ ಕೆಳಗೆ

"ಎಡಕ್ಕೆ ತಿರುಗಿಸಿ, ಇನ್ನೂ ಸ್ವಲ್ಪ... ಸಾಕು, ಈಗ ಸೀದಾ ಮಾಡ್ಕೊಳ್ಳಿ," ಎಂದು ಐದಾರು ಜನ ಒಟ್ಟಿಗೆ ಹೇಳುತ್ತಿದ್ದರು. ಶವದ ವ್ಯಾನು ಇಕ್ಕಟ್ಟು ಗಲ್ಲಿಯಿಂದ ಹಿಂದಕ್ಕೆ ಬರಬೇಕಿತ್ತು. ಡ್ರೈವರಿಗೆ ತಲೆಕೆಟ್ಟುಹೋಯಿತು. ಕಿಟಕಿಯಿಂದ ಕತ್ತು ಹೊರಹಾಕಿ, "ಏನ್ರೀ, ಬೀದಿಗೆ ಬೀದೀನೇ ಡ್ರೈವರುಗಳಾ?" ಎಂದ.

"ಎಲ್ಲರಿಗೂ ಕಲಿಸಿದ್ದು ಒಬ್ಬಳೇ," ಎಂದಳು ತಂಗಿ. "ನಿಮ್ಮ ಹಿಂದೆ ಮಲಗಿದ್ದಾಳಲ್ಲ, ನಮ್ಮಕ್ಕ."

ಡ್ರೈವರು ಒಮ್ಮೆ ಹಿಂದಕ್ಕೆ ನೋಡಿದ. ಬೆನ್ನು ನೆಟ್ಟಗೆ ಮಾಡಿಕೊಂಡು ಬೆಲ್ಟು ಹಾಕಿಕೊಂಡ. ಸಾವಿನ ಮನೆ ಎಂಬುದನ್ನೂ ಮರೆತು ಜನ ನಕ್ಕರು. ಬೆಳಗಿನಿಂದ ಅತ್ತು ಕಣ್ಣು ಊದಿಸಿಕೊಂಡಿದ್ದ ತಂಗಿಯೂ ನಕ್ಕಳು.

ಅಕ್ಕ ಹೋದದ್ದು ಮುಪ್ಪಿನಲ್ಲಿ, ಮಧ್ಯಾಹ್ನದ ಸವಿನಿದ್ದೆಯಲ್ಲಿ. ಹೃದಯ ನಿಂತಿತು ಎಂದರು ಡಾಕ್ಟರು. ಎರಡು ಸಲ ಬಂದುಹೋಗಿದ್ದ ಆ ಇನ್ನೊಂದು ಕಾಯಿಲೆಗೆ ಅವಳು ಸಿಗಲೇ ಇಲ್ಲ.

*

ಅಕ್ಕನ ಸ್ತನದ ಕ್ಯಾನ್ಸರಿಗೆ ಆಪರೇಷನ್ನು, ಔಷಧಿ ಎಲ್ಲ ಮುಗಿದು, ಉದುರಿದ ಕೂದಲು ಮತ್ತೆ ಜಡೆಯಾಗುವಷ್ಟು ಬೆಳೆದು, ಮನೆಯವರು ಅದರ ಮಾತನ್ನೇ ಬಿಟ್ಟಿದ್ದ ಕಾಲ. ಒಂದು ಸಂಜೆ ಡ್ರೈವಿಂಗ್ ಪಾಠ ಹೇಳಿಕೊಟ್ಟು ಬಂದ ಅಕ್ಕ ಕಾರಿನಿಂದ ಇಳಿಯಲೇ ಇಲ್ಲ. ತಂಗಿ ಬಾಗಿಲು ತೆಗೆದು ನೋಡಿದರೆ, ಸೀಟ್ ಬೆಲ್ಟಿನ ಕೆಳಗೆ ಬೆರಳಿಟ್ಟುಕೊಂಡು ಕೂತಿದ್ದಾಳೆ.

"ಇಲ್ಲಿ ಮುಟ್ಟು ನೋಡೋಣ."

ಹಳೆಯ ಹೊಲಿಗೆಯ ಗುರುತಿನ ಅಂಚಿಗೆ, ಚರ್ಮದ ಕೆಳಗೆ, ಅಕ್ಕಿಕಾಳಿನಷ್ಟು ಏನೋ ಗಟ್ಟಿ.

"ಬೆಲ್ಟು ಉಜ್ಜಿ ಹಾಗಾಗಿದೆ, ಬಿಡೇ. ನೋವಿದೆಯಾ?"

"ಇಲ್ಲ. ನೋವಿದ್ದಿದ್ರೆ ನಾನೂ ತಪ್ಪನ್ನ ಬೆಲ್ಟಿನ ಮೇಲೇ ಹಾಕ್ತಿದ್ದೆ. ಹೋದ ತಿಂಗಳು ಇರಲಿಲ್ಲ, ಈಗ ಇದೆ. ಈ ಕಡೆ ಕೈಯೂ ಊದಿ, ವಾಚಿನ ಪಟ್ಟಿ ಬಿಗಿಯಾಗ್ತಿದೆ."

"ನನ್ನ ಮಗಳ ಮದುವೆ ಒಂದು ಮುಗೀಲಿ ಕಣೇ. ಆಮೇಲೆ ತೋರಿಸೋಣ."

"ಮದುವೆ ಆಗೋಕೆ ಹುಡುಗ ಹುಡುಗಿ ಇದ್ದಾರೆ. ನೀನು ನಾಳೆ ನನ್ನ ಜೊತೆ ಆಸ್ಪತ್ರೆಗೆ ನಡಿ."

ಡಾಕ್ಟರು ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರೋಗ ಮರಳಿತ್ತು. ಆದರೆ ಆ ಗುರುತಿನ ಅಂಚಿನಲ್ಲಷ್ಟೇ, ಬೇರೆಲ್ಲೂ ಇಲ್ಲ. ಮತ್ತೆ ಕತ್ತರಿ, ಕಿರಣ ಚಿಕಿತ್ಸೆ, ವರ್ಷಗಟ್ಟಲೆ ಮಾತ್ರೆ. ಮದುವೆಯಲ್ಲಿ ಅಕ್ಕ ಒಂದು ಕೈ ಕೆಳಗಿಟ್ಟುಕೊಂಡು ಇನ್ನೊಂದು ಕೈಯನ್ನಷ್ಟೇ ಎತ್ತಿ ಕುಣಿದಳು.

ಅಲ್ಲಿಂದ ಮುಂದೆ ಸಿಕ್ಕವರ ಮೈಯೆಲ್ಲ ವಿಚಾರಿಸುವ ಚಟ ಅವಳಿಗೆ ಹತ್ತಿಕೊಂಡಿತು.

*

ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕನ ಹಳೆಯ ಶಿಷ್ಯರಾದ ಪೋಸ್ಟ್‌ಮ್ಯಾನ್ ಬಿಸ್ಕತ್ತು ಕಡಿಯುತ್ತ ಕತೆ ಶುರುಮಾಡಿದರು.

"ಬೆನ್ನುನೋವು ಅಂತ ಬಾಯಿತಪ್ಪಿ ಅಂದೆ ನೋಡಿ. 'ಎಷ್ಟು ವಾರದಿಂದ? ಮಲಗಿದಾಗಲೂ ಇರುತ್ತಾ?' ಅಂತ ಕೇಳಿ ಎಳ್ಕೊಂಡೇ ಹೋದ್ರು. ಡಾಕ್ಟರು ಹಾಸಿಗೆ ಬದಲಾಯಿಸಿ ಅಂದ್ರು. ಹಾಸಿಗೆ ಅಂಗಡಿಗೂ ಅವರೇ ಬಂದು, ಒಂದೊಂದರ ಮೇಲೂ ಮಲಗಿ ನೋಡಿ, ಒಂದರ ಮೇಲೆ ನಿದ್ದೆಯನ್ನೂ ಮಾಡಿದ್ರು."

ಎಲ್ಲರೂ ಹೊಟ್ಟೆ ಹಿಡಿದುಕೊಂಡರು. ನಗದವಳು ಬೇಕರಿಯವಳೊಬ್ಬಳೇ. ಅಕ್ಕನ ಕೊನೆಯ ಶಿಷ್ಯೆ ಅವಳು; ಅವಳಿಗೂ ಇದೇ ಕಾಯಿಲೆಗೆ ಚಿಕಿತ್ಸೆಯಾಗಿತ್ತು. ಅವಳ ಬೆರಳು ಕತ್ತಿನ ಬುಡದ ಎಲುಬಿನ ಮೇಲ್ಭಾಗವನ್ನು ಮತ್ತೆ ಮತ್ತೆ ಒತ್ತುತ್ತಿದ್ದದ್ದು ತಂಗಿಗೆ ಕಂಡಿತು. ಮೆಲ್ಲಗೆ ಅಡುಗೆಮನೆಗೆ ಕರೆದಳು.

"ಏನಮ್ಮ ಅದು?"

"ಏನಿಲ್ಲ ಆಂಟಿ. ಸಣ್ಣ ಗಂಟು. ನೆಗಡಿಯಾಗಿತ್ತು, ಅದಕ್ಕೇ ಇರಬೇಕು."

"ನೆಗಡಿ ಹೋಯ್ತಾ?"

"ಯಾವಾಗಲೋ ಹೋಯ್ತು."

"ಗಂಟು?"

ಬೇಕರಿಯವಳ ಕಣ್ಣು ತುಂಬಿತು. "ಮೇಡಂಗೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಅವರೇ..."

ಏನೂ ಆಗಿರಲ್ಲ ಬಿಡು ಎಂಬ ಮಾತು ತಂಗಿಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. "ನೆಗಡಿಯದೇ ಇರಬಹುದು, ಅಲ್ಲದೆಯೂ ಇರಬಹುದು. ನೀನೂ ನಾನೂ ಹೇಳೋದಲ್ಲ. ಚಪ್ಪಲಿ ಹಾಕ್ಕೋ."

"ಇವತ್ತಾ? ಮಣ್ಣು ಮಾಡಿ ಈಗಷ್ಟೇ ಬಂದಿದ್ದೀವಿ."

"ಹೋದ್ರೆ ಅವಳು ಬೇಜಾರು ಮಾಡ್ಕೊಳ್ಳಲ್ಲ. ಹೋಗದಿದ್ರೆ ಎದ್ದು ಬಂದು ಬೈದಾಳು."

ಅತ್ತ ಮುಖದಲ್ಲೇ ಬೇಕರಿಯವಳಿಗೆ ನಗು ಬಂತು. ತಂಗಿ ಆಸ್ಪತ್ರೆಗೆ ಫೋನು ಮಾಡಿದಳು. ಸಂಜೆಯೇ ಬನ್ನಿ ಎಂದರು.

ಹೊರಟದ್ದು ಇಬ್ಬರೇ. ಗೇಟಿನ ಹತ್ತಿರ ಪೋಸ್ಟ್‌ಮ್ಯಾನ್, "ಎಲ್ಲಿಗೆ?" ಎಂದರು. ಬೇಕರಿಯವಳು ತಾನೇ ಹೇಳಿದಳು. ಅವರು ಕಾರಿನ ಹಿಂದಿನ ಸೀಟಿಗೆ ಹತ್ತಿ ಕೂತರು. ಅವರ ಹಿಂದೆ ಇನ್ನಿಬ್ಬರು. ಉಳಿದವರು ಮತ್ತೊಂದು ಕಾರು ತೆಗೆದರು.

ಆಸ್ಪತ್ರೆಯಲ್ಲಿ ಅವರಿಂದಲೇ ಎರಡು ಬೆಂಚು ತುಂಬಿತು. ಬಟ್ಟೆಗೆ ಇನ್ನೂ ಹೂವಿನ ದಳ ಅಂಟಿಕೊಂಡಿತ್ತು. ಹಾಸಿಗೆಯ ಕತೆ ಈಗ ಪಕ್ಕದ ರೋಗಿಗಳ ಕಿವಿಗೂ ಬಿತ್ತು. ಈ ಸಲ ಬೇಕರಿಯವಳು ತಂಗಿಯ ಭುಜಕ್ಕೆ ಹಣೆ ಒತ್ತಿಕೊಂಡು ನಗುತ್ತಿದ್ದಳು.

ಡಾಕ್ಟರ ಕೋಣೆಯ ಬಾಗಿಲು ತೆರೆಯಿತು. ನರ್ಸು ತಲೆ ಹೊರಹಾಕಿ, "ಮುಂದಿನ ಪೇಷೆಂಟ್ ಯಾರು?" ಎಂದಳು.

ಎರಡೂ ಬೆಂಚಿನವರು ಒಟ್ಟಿಗೆ ಎದ್ದು ನಿಂತರು.