ಬೀರಣ್ಣ ಸಾರಿಸಿದ ನೆಲ

ಸೋಮವಾರ ಸುಜಾತಾಳ ನಿಶ್ಚಯ. ವರ ಬೇರೆ ಯಾರೂ ಅಲ್ಲ, ಅವಳ ಸೋದರಮಾವ ಬೀರಣ್ಣ, ತಾಯಿ ಸಾತವ್ವನ ಒಬ್ಬನೇ ತಮ್ಮ. ಸಾತವ್ವನ ಗಂಡ ಸಿದ್ಧರಾಮ ತೀರಿಕೊಂಡ ಮೇಲೆ ಎರಡು ವರ್ಷ ಅಕ್ಕನ ಮನೆಯ ಭಾರ ಹೊತ್ತವನು ಅವನೇ. ಅಂಥವನ ಕೈಗೆ ಮಗಳನ್ನು ಒಪ್ಪಿಸಿದರೆ ತಾನು ಗೆದ್ದೆ ಎಂದು ಸಾತವ್ವ ತಾಂಬಾ ಊರಿನ ಓಣಿ ತುಂಬ ಹೇಳಿಕೊಂಡು ತಿರುಗಿದ್ದಳು.

ಭಾನುವಾರ ಮಧ್ಯಾಹ್ನ ಪುಣ್ಯಕ್ಕೆ ಕರೆಂಟು ಇತ್ತು. ಬೀರಣ್ಣ ತಂದುಕೊಟ್ಟ ಹೊಸ ಟಿವಿಯ ಮುಂದೆ ಮೂವರೂ ಕೂತಿದ್ದರು. ಅಮೆರಿಕದ ಪೊಲೀಸರು ಕೊಲೆ ಪತ್ತೆ ಹಚ್ಚುವ ಕಾರ್ಯಕ್ರಮ, ಮಾತು ಹಿಂದಿಯಲ್ಲಿ. ಬಿ.ಎ. ಓದುತ್ತಿದ್ದ ಸುಜಾತಾ ಅವ್ವನಿಗೆ ಬಿಡಿಸಿ ಹೇಳುತ್ತಿದ್ದಳು.

"ಇದು ನಾಟಕ ಅಲ್ಲಬೇ, ಖರೇ ಪೊಲೀಸರು, ಖರೇ ಕೊಲಿ. ಕೊಂದಾವ ನೆಲಾ ತೊಳದು ಲಕಲಕ ಮಾಡ್ಯಾನ. ಈಗ ಔಷಧ ಹೊಡಿತಾರ, ನೋಡು."

ಕೋಣೆ ಕತ್ತಲು ಮಾಡಿ ಔಷಧ ಸಿಂಪಡಿಸಿದರು. ತೊಳೆದ ನೆಲದ ಮೇಲೆ ರಕ್ತದ ಕಲೆ ನೀಲಿಯಾಗಿ ಹೊಳೆಯಿತು. "ಅಯ್ಯ ಶಿವನ!" ಎಂದು ಸಾತವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಬೀರಣ್ಣ ಚುರಮುರಿ ಮುಕ್ಕುತ್ತ ನಕ್ಕ. "ಅದೆಲ್ಲಾ ಫರಸಿ ಕಲ್ಲಿನ ನೆಲಕ್ಕ ನಡೀತೈತಿ. ನಮ್ಮ ಮಣ್ಣಿನ ನೆಲಕ್ಕ ಸೆಗಣಿ ಹಚ್ಚಿ ಸಾರಿಸಿದ್ರ ಇವರಪ್ಪಗೂ ಏನೂ ಸಿಗೂದಿಲ್ಲ."

ಸಾತವ್ವ ಟಿವಿಯಿಂದ ಕಣ್ಣು ಕಿತ್ತು ಕಾಲ ಕೆಳಗಿನ ನೆಲ ನೋಡಿದಳು.

ಎರಡು ವರ್ಷದ ಹಿಂದೆ ಅವಳು ಹೊಲದಿಂದ ಓಡಿ ಬಂದಾಗ ಸಿದ್ಧರಾಮನ ಹೆಣ ಅಂಗಳದಲ್ಲಿತ್ತು. ಮಾಳಿಗೆಯಿಂದ ಬಿದ್ದ ಎಂದು ಹೇಳಿದವನು ಬೀರಣ್ಣ. ಒಳಗೆ ನಡುಮನೆಯ ನೆಲ ಆಗಷ್ಟೇ ಸಾರಿಸಿ ಹಸಿಯಾಗಿತ್ತು. ಸಾರಿಸುವುದು ಹೆಂಗಸರ ಕೆಲಸ. ಪದ್ಧತಿಯಂತೆ ಹೆಣ ಕೂಡಿಸಿ ಪೂಜಿಸಲೆಂದು ಗಂಡಸೇ ನೆಲ ಸಾರಿಸಿದನಲ್ಲ, ಎಂಥ ಕರುಳು ಎಂದು ಓಣಿಯೆಲ್ಲ ಹೊಗಳಿತ್ತು, ಇವಳೂ ಹೊಗಳಿದ್ದಳು. ಆದರೆ ಹೆಣ ಕೂಡಿಸಿದ್ದು ಹೊರಗಿನ ಕಟ್ಟೆಯ ಮೇಲೆ! ಒಳಗಿನ ನೆಲದ ಗೋಜು ಅವನಿಗೆ ಯಾಕೆ ಬೇಕಿತ್ತು? ಊರಿಗೆ ಊರೇ ಮಂಕು ಕವಿದಂತೆ ಕೂತಿತ್ತು.

"ಬೀರಾ, ಅವತ್ತ ನಡುಮನಿ ಯಾಕ ಸಾರಿಸಿದಿ?"

ಬೀರಣ್ಣನ ಬೊಗಸೆಯ ಚುರಮುರಿ ಚೆಲ್ಲಿತು.

"ಮಗಳನ್ನ ಕೊಡೂದಿಲ್ಲ ಅಂದ, ಅಕ್ಕಾ. ನಾ ಬರೇ ನೂಕಿದ್ನಿ. ಒಳಕಲ್ಲಿಗೆ ತಲಿ ಬಡೀತು. ಹೆಣಾ ಅಂಗಳಕ್ಕ ತಂದು ಹಾಕಿದ್ನಿ." ಮರುಕ್ಷಣವೇ ಅವಳ ಕೈ ಹಿಡಿದುಕೊಂಡ. "ಆದದ್ದು ಆಗಿ ಹೋತು. ನಾಳೆ ನಿಶ್ಚೆ ಐತಿ, ಬಾಯಿ ಬಿಡಬ್ಯಾಡ."

ಸಾತವ್ವನಿಗೆ ಅಳು ಬರಲಿಲ್ಲ. ತಾನು ಕಂಕುಳಲ್ಲಿ ಹೊತ್ತು ಬೆಳೆಸಿದ ತಮ್ಮ ಇವನೇನಾ ಎಂದು ದಿಕ್ಕು ತೋಚದೆ ನೋಡಿದಳು. ಆಮೇಲೆ ಕೈ ಕೊಸರಿಕೊಂಡು, ಕಲ್ಲಾಗಿ ಕೂತಿದ್ದ ಸುಜಾತಾಳ ರಟ್ಟೆ ಹಿಡಿದು ಎಬ್ಬಿಸಿ, ಬರಿಗಾಲಲ್ಲೇ ಪೊಲೀಸ ಚೌಕಿಗೆ ನಡೆದಳು.

"ಏನಾತಬೇ ಯಕ್ಕಾ, ಹಿಂಗ್ಯಾಕ ಬರಿಗಾಲಾಗ ಬಂದಿ?" ಎಂದ ಹವಾಲ್ದಾರ ಅಬ್ದುಲರಜಾಕ.

"ನನ್ನ ಗಂಡ ಬಿದ್ದು ಸತ್ತಿಲ್ಲರಿ, ಅವನ್ನ ಕೊಂದಾರ."

ಅವನು ಕಾಗದ ಎಳೆದುಕೊಂಡ. "ಯಾರು?"

"ನನ್ನ ತಮ್ಮ ಬೀರಣ್ಣ. ಬರಕೋರಿ." ಸಾತವ್ವ ಮಗಳನ್ನು ಎದೆಗೆ ಒತ್ತಿಕೊಂಡಳು. "ಈಕಿನ್ನ ನಾಳೆ ನಾನ ನನ್ನ ಕೈಯಾರೆ ಅವಗ ಕೊಡಾಕಿದ್ನಿ."